ಮಾರಲ್ಪಟ್ಟ ಮಗಳು ಮರಳಿ ಬಂದಾಗ

ಫೆಬ್ರವರಿ 8ರಂದು ಧರ್ಮಸಭೆಯು ಸಂತ ಜೋಸೆಫಿನ್ ಬಖಿತಾ ಅವರನ್ನು ಸ್ಮರಿಸುತ್ತದೆ. 2015ರಿಂದ ಈ ದಿನವನ್ನು ಮಾನವ ಸಾಗಾಟದ ವಿರುದ್ಧ ಪ್ರಾರ್ಥನೆ ಹಾಗೂ ಜಾಗೃತಿಯ ಅಂತರರಾಷ್ಟ್ರೀಯ ದಿನವನ್ನಾಗಿಯೂ ಆಚರಿಸಲಾಗುತ್ತಿದೆ. ಆದರೆ ನಮ್ಮ ಧರ್ಮಕೇಂದ್ರಗಳಲ್ಲಿ ಈ ದಿನ ಬಹುಮಟ್ಟಿಗೆ ಸದ್ದಿಲ್ಲದೆ ಕಳೆದುಹೋಗುತ್ತದೆ. ಮೂರು ದಿನಗಳ ತರುವಾಯ ಬರುವ ಲೂರ್ದು ಮಾತೆಯ ಹಬ್ಬಕ್ಕೆ ಗವಿಗೆ ಸುಣ್ಣ ಬಳಿಯುವ, ದೀಪ ಕಟ್ಟುವ ಸಡಗರದಲ್ಲಿ ಈ ಕಪ್ಪುವರ್ಣದ ಸಂತಳು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹೆಣ್ಣುಮಕ್ಕಳ ಮಾರಾಟವೆಂಬ ವಿಷಯವನ್ನು ಪೂಜಾವೇದಿಕೆಯ ಬಳಿ ಎತ್ತುವುದು ಸಂಕೋಚದ ಸಂಗತಿ ಎಂದು ಭಾವಿಸುವವರೂ ನಮ್ಮಲ್ಲಿ ಇದ್ದಾರೆ. ಆ ಸಂಕೋಚದಿಂದ ಲಾಭ ಪಡೆಯುವವರು ಯಾರು ಎಂಬುದನ್ನು ಮಾತ್ರ ನಾವು ಯೋಚಿಸಿದಂತಿಲ್ಲ.

ಸುಮಾರು 1869ರಲ್ಲಿ ಸುಡಾನಿನ ದಾರ್ಫೂರ್ ಪ್ರಾಂತ್ಯದಲ್ಲಿ ಜನಿಸಿದ ಬಖಿತಾಳನ್ನು ಎಳೆಯ ವಯಸ್ಸಿನಲ್ಲೇ ಗುಲಾಮರ ವ್ಯಾಪಾರಿಗಳು ಅಪಹರಿಸಿದರು. ಕೈಯಿಂದ ಕೈಗೆ ಹಲವು ಬಾರಿ ಮಾರಾಟವಾದ ಆಕೆ, ಭಯದ ಆಘಾತದಿಂದ ತನ್ನ ಹುಟ್ಟುಹೆಸರನ್ನೇ ಮರೆತುಬಿಟ್ಟಳು. 'ಬಖಿತಾ' ಎಂಬುದು ಅಪಹರಿಸಿದವರೇ ಇಟ್ಟ ಹೆಸರು. ಅರಬ್ಬಿ ಭಾಷೆಯಲ್ಲಿ ಅದರ ಅರ್ಥ 'ಅದೃಷ್ಟವಂತೆ'! ಕೊನೆಗೆ ಇಟಲಿಯ ಕುಟುಂಬವೊಂದರ ವಶಕ್ಕೆ ಬಂದ ಆಕೆಯನ್ನು ಸ್ವಲ್ಪ ಕಾಲ ವೆನಿಸ್ ನಗರದ ಕನೋಸ್ಸಿಯನ್ ಧರ್ಮಭಗಿನಿಯರ ಬಳಿ ಬಿಡಲಾಗಿತ್ತು. ಯಜಮಾನಿಯು ಮತ್ತೆ ಆಫ್ರಿಕಕ್ಕೆ ಕರೆದೊಯ್ಯಲು ಬಂದಾಗ ಬಖಿತಾ ಒಲ್ಲೆನೆಂದಳು. ವಿಷಯ ಅಧಿಕಾರಿಗಳ ಮುಂದೆ ಹೋಯಿತು. ಇಟಲಿಯ ಕಾನೂನು ಗುಲಾಮಗಿರಿಯನ್ನು ಒಪ್ಪುವುದಿಲ್ಲ, ಆದ್ದರಿಂದ ಈಕೆ ಸ್ವತಂತ್ರಳು ಎಂದು 1889ರ ನವೆಂಬರ್ 29ರಂದು ತೀರ್ಮಾನವಾಯಿತು. ಮರುವರ್ಷ ದೀಕ್ಷಾಸ್ನಾನ ಪಡೆದ ಆಕೆ ಮುಂದೆ ಅದೇ ಸಭೆಯ ಕನ್ಯಾಸ್ತ್ರೀಯಾಗಿ 1947ರಲ್ಲಿ ದೈವಾಧೀನರಾದರು. 2000ದ ಅಕ್ಟೋಬರ್ 1ರಂದು ಸಂತಪದವಿಗೇರಿದರು. ಆಕೆಯನ್ನು ವೇಶ್ಯಾಗೃಹಕ್ಕೆ ಮಾರಿದ್ದಲ್ಲ, ಮನೆಗೆಲಸಕ್ಕೆ ಮಾರಿದ್ದು. ಆದರೂ ಧರ್ಮಸಭೆಯು ಮಾರಾಟಕ್ಕೊಳಗಾದ ಸಮಸ್ತರಿಗೂ ಆಕೆಯನ್ನು ಪಾಲಕಿಯಾಗಿ ಕಾಣುತ್ತದೆ. ನಮ್ಮ ಗಮನ ಸೆಳೆಯುವುದು ಆ ನವೆಂಬರಿನ ದಿನ. ಅಲ್ಲಿಯವರೆಗೆ ಎಷ್ಟು ಬೆಲೆ ಎಂದು ಆಕೆಯನ್ನು ಕುರಿತು ಕೇಳಿದವರಿದ್ದರು. ನಿನ್ನ ಇಚ್ಛೆ ಏನು ಎಂದು ಆಕೆಯನ್ನೇ ಕೇಳಿದವರು ಇರಲಿಲ್ಲ.

ಜರ್ಮನ್ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1785ರಲ್ಲಿ ಪ್ರಕಟಿಸಿದ ನೀತಿಶಾಸ್ತ್ರದ ಗ್ರಂಥವೊಂದರಲ್ಲಿ ಬೆಲೆ ಮತ್ತು ಘನತೆಗಳ ನಡುವೆ ಒಂದು ಗೆರೆ ಎಳೆದನು. ಬೆಲೆಯುಳ್ಳ ವಸ್ತುವಿನ ಬದಲು ಅಷ್ಟೇ ಬೆಲೆಯ ಇನ್ನೊಂದನ್ನು ಇಡಬಹುದು. ಮನುಷ್ಯನ ಬದಲಿಗೆ ಇಡತಕ್ಕದ್ದು ಯಾವುದೂ ಇಲ್ಲ. ಆದ್ದರಿಂದ ಅವನಿಗೆ ಬೆಲೆ ಇಲ್ಲ, ಘನತೆ ಇದೆ. ಗುರುಮಠದಲ್ಲಿ ಇದನ್ನು ಕಲಿತಾಗ ಪರೀಕ್ಷೆಗೆ ಬರೆಯುವ ಉತ್ತರದಂತೆ ತೋರಿದ್ದ ಈ ಮಾತು, ಹೆಣ್ಣೊಬ್ಬಳನ್ನು ಇಂತಿಷ್ಟು ಸಾವಿರಕ್ಕೆ ಕೊಂಡುಕೊಂಡು ಆ ಸಾವಿರವನ್ನು ಅವಳ ತಲೆಯ ಮೇಲೆಯೇ ಸಾಲವಾಗಿ ಬರೆಯುವ ವ್ಯವಹಾರವನ್ನು ಅರಿತಾಗ ಬೇರೆಯೇ ತೂಕ ಪಡೆಯುತ್ತದೆ. ಎರಡನೇ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ 'ಆಧುನಿಕ ಜಗತ್ತಿನಲ್ಲಿ ಧರ್ಮಸಭೆ' ಎಂಬ ಸಂವಿಧಾನದ 27ನೆಯ ಪರಿಚ್ಛೇದವು ಗುಲಾಮಗಿರಿ, ವೇಶ್ಯಾವೃತ್ತಿ, ಸ್ತ್ರೀಯರ ಮತ್ತು ಮಕ್ಕಳ ಮಾರಾಟಗಳನ್ನು ಕೊಲೆ ಹಾಗೂ ಚಿತ್ರಹಿಂಸೆಗಳ ಸಾಲಿನಲ್ಲಿಯೇ ಇರಿಸಿದೆ.

ಆ ಸಾಲದ ಲೆಕ್ಕವನ್ನು ಇನ್ನಷ್ಟು ವಿವರಿಸುವುದು ಅಗತ್ಯ. ಏಕೆಂದರೆ ಬೀಗ ಹಾಕಿದ ಕೋಣೆ, ಗೂಂಡಾಗಳ ಕಾವಲು ಇವೆಲ್ಲ ಮೊದಲ ಕೆಲವು ತಿಂಗಳ ಮಾತು. ತರುವಾಯ ಲೆಕ್ಕವೇ ಕಾವಲುಗಾರ. ಹುಡುಗಿಯನ್ನು ತಂದವನಿಗೆ ಕೊಟ್ಟ ಹಣ, ಅದಕ್ಕೆ ಬಡ್ಡಿ, ಮಲಗುವ ಜಾಗಕ್ಕೆ ಬಾಡಿಗೆ, ಊಟ, ಬಟ್ಟೆ, ಕಾಯಿಲೆ ಬಂದರೆ ಔಷಧಿ, ಎಲ್ಲವೂ ಅವಳ ಹೆಸರಿಗೆ ಬೀಳುತ್ತದೆ. ಲೆಕ್ಕ ಬರೆಯುವವಳು ವೇಶ್ಯಾಗೃಹದ ಯಜಮಾನಿ. ಮುಂಬಯಿಯಲ್ಲಿ ಅವಳನ್ನು 'ಘರ್‌ವಾಲಿ' ಎನ್ನುತ್ತಾರೆ. ಸಾಲ ತೀರಿತೆಂದು ಹೇಳಬೇಕಾದವಳೂ ಅವಳೇ. ಕೆಲವು ವರ್ಷಗಳಾದ ಮೇಲೆ ಬಾಗಿಲು ತೆರೆದೇ ಇರುತ್ತದೆ, ಆದರೆ ಹುಡುಗಿ ಹೊರಡುವುದಿಲ್ಲ. ಹೊರಟರೂ ಹೋಗುವುದೆಲ್ಲಿಗೆ? ಊರಿನಲ್ಲಿ ತನ್ನನ್ನು ಸೇರಿಸರು ಎಂಬುದು ಅವಳಿಗೆ ಗೊತ್ತು. ಹಾಗೆಂದು ದಿನವೂ ಕಿವಿಯಲ್ಲಿ ಹೇಳಲಾಗಿರುತ್ತದೆ. ಈ ಮಾತನ್ನು ಸುಳ್ಳಾಗಿಸಬಲ್ಲವರು ಪೊಲೀಸರಲ್ಲ, ನ್ಯಾಯಾಲಯವಲ್ಲ. ಅದು ಅವಳ ಮನೆಯವರಿಗೆ, ಅವಳ ಊರಿಗೆ, ಅವಳ ಇಗರ್ಜಿಗೆ ಮಾತ್ರ ಸಾಧ್ಯ.

1996ರ ಫೆಬ್ರವರಿಯಲ್ಲಿ ಮುಂಬಯಿಯ ಕಾಮಾಟಿಪುರದ ವೇಶ್ಯಾಗೃಹಗಳ ಮೇಲೆ ಪೊಲೀಸರು ದೊಡ್ಡ ಪ್ರಮಾಣದ ದಾಳಿ ನಡೆಸಿ ನಾನೂರಕ್ಕೂ ಹೆಚ್ಚು ಹೆಣ್ಣುಮಕ್ಕಳನ್ನು ಹೊರತಂದರು. ಕಾಮಾಟಿಪುರ ಕನ್ನಡಿಗರಿಗೆ ಅಪರಿಚಿತ ಸ್ಥಳವಲ್ಲ. ನಮ್ಮ ರಾಜ್ಯದ ಉತ್ತರದ ಜಿಲ್ಲೆಗಳಿಂದ, ದೇವದಾಸಿ ಪದ್ಧತಿಯ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಎಷ್ಟೋ ಬಾಲೆಯರು ಅಲ್ಲಿಗೆ ತಲುಪಿದ್ದರು. ಅದನ್ನು ತಡೆಯಲೆಂದೇ ಕರ್ನಾಟಕವು 1982ರಲ್ಲಿ ಕಾಯಿದೆ ಮಾಡಿತ್ತು. ಆದರೆ ಆ ದಾಳಿಯಲ್ಲಿ ಸಿಕ್ಕವರ ಪೈಕಿ ದೊಡ್ಡ ಸಂಖ್ಯೆಯವರು ನೇಪಾಳದ ಗುಡ್ಡಗಾಡಿನವರು, ಅನೇಕರು ಹದಿನೆಂಟು ತುಂಬದವರು. ಬಿಡುಗಡೆಯಾಯಿತು ಎಂದು ಪತ್ರಿಕೆಗಳು ಬರೆದವು. ನಿಜವಾಗಿ ನಡೆದದ್ದು ಬೇರೆ. ಅವರನ್ನು ತಿಂಗಳುಗಟ್ಟಲೆ ಮಹಾರಾಷ್ಟ್ರದ ಸರಕಾರಿ ಗೃಹಗಳಲ್ಲಿ ಇರಿಸಲಾಯಿತು. ಸ್ವದೇಶದ ಸರಕಾರವು ಅವರನ್ನು ಹಿಂದಕ್ಕೆ ಕರೆಸಿಕೊಳ್ಳಲು ಹಿಂಜರಿಯಿತು. ಇವರು ನೇಪಾಳೀಯರೇ ಎಂಬುದಕ್ಕೆ ದಾಖಲೆ ಏನು ಎಂಬ ಪ್ರಶ್ನೆ ಎದ್ದಿತು. ಇವರು ದೇಶಕ್ಕೆ ಏಡ್ಸ್ ರೋಗವನ್ನು ಹೊತ್ತು ತರುತ್ತಾರೆಂಬ ಭೀತಿಯನ್ನು ಅಲ್ಲಿ ಬಹಿರಂಗವಾಗಿಯೇ ಆಡಲಾಯಿತು. ಕಡೆಗೆ ನೇಪಾಳದ ಕೆಲವು ಸ್ವಯಂಸೇವಾ ಸಂಸ್ಥೆಗಳು ಜವಾಬ್ದಾರಿ ಹೊತ್ತು, ಅದೇ ವರ್ಷ ನೂರಕ್ಕೂ ಹೆಚ್ಚು ಮಂದಿಯನ್ನು ಕಾಠ್ಮಂಡುವಿಗೆ ಕರೆದೊಯ್ದವು.

ಮರಳಿದವರಲ್ಲಿ ಸಿಂಧುಪಾಲ್‌ಚೋಕ್ ಜಿಲ್ಲೆಯ ಚರಿಮಾಯಾ ತಮಾಂಗ್ ಒಬ್ಬರು. ಹದಿನಾರನೆಯ ವಯಸ್ಸಿನಲ್ಲಿ ಮಾರಲ್ಪಟ್ಟು ಇಪ್ಪತ್ತೆರಡು ತಿಂಗಳು ಮುಂಬಯಿಯಲ್ಲಿ ನರಕ ಕಂಡಿದ್ದ ಈಕೆ, ತನ್ನನ್ನು ಮಾರಿದವರ ಮೇಲೆ ತನ್ನ ಜಿಲ್ಲೆಯಲ್ಲಿಯೇ ಮೊಕದ್ದಮೆ ಹೂಡಿದರು. ನೇಪಾಳದಲ್ಲಿ ಹಾಗೆ ಎದ್ದುನಿಂತವರಲ್ಲಿ ಈಕೆಯೇ ಮೊದಲಿಗರು. ಅಪರಾಧಿಗಳಿಗೆ ಶಿಕ್ಷೆಯಾಯಿತು. ಈಕೆ ಮತ್ತು ಸಂಗಡಿಗರು ಸೇರಿ ಆ 1996ರಲ್ಲಿಯೇ 'ಶಕ್ತಿ ಸಮೂಹ' ಎಂಬ ಸಂಸ್ಥೆ ಕಟ್ಟಿದರು. ಮಾರಾಟಕ್ಕೆ ಒಳಗಾದ ಹೆಣ್ಣುಮಕ್ಕಳೇ ನಡೆಸುವ ಸಂಸ್ಥೆ ಅದು. ಆದರೆ ಸದಸ್ಯೆಯರಲ್ಲಿ ಅನೇಕರಿಗೆ ಪೌರತ್ವದ ಪತ್ರವೇ ಇರಲಿಲ್ಲ. ಅದನ್ನು ಪಡೆಯಲು ತಂದೆ ಅಥವಾ ಗಂಡ ಮುಂದೆ ನಿಂತು ಇವಳು ನಮ್ಮವಳೆಂದು ಹೇಳಬೇಕಿತ್ತು. ಹಾಗೆ ಹೇಳಲು ಎಷ್ಟು ಮಂದಿ ತಂದೆಯರು ಬಂದಾರು? ಸಂಸ್ಥೆಯ ನೋಂದಣಿ ಆಗಲು 2000ದವರೆಗೆ ಕಾಯಬೇಕಾಯಿತು. 2013ರಲ್ಲಿ ಶಕ್ತಿ ಸಮೂಹಕ್ಕೆ ರಾಮೋನ್ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು. ಪ್ರಶಸ್ತಿಗಿಂತಲೂ ಆ ನಾಲ್ಕು ವರ್ಷಗಳ ಕಾಯುವಿಕೆಯೇ ನಮ್ಮನ್ನು ಹೆಚ್ಚು ಕಾಡುತ್ತದೆ.

ಇದು ನೇಪಾಳದ ಕಥೆ, ನಮಗೇನು ಎಂದು ಕೇಳುವವರಿಗೆ ನಮ್ಮ ಮನೆಗಳಲ್ಲಿ ಪ್ರಚಲಿತವಿರುವ ಒಂದು ವಾಕ್ಯವನ್ನು ನೆನಪಿಸಬಯಸುತ್ತೇವೆ: "ಅವಳು ತಾನಾಗಿಯೇ ಹೋದಳು." ಪಕ್ಕದ ಮನೆಯ ಹುಡುಗಿ ಕೆಲಸದ ಆಸೆಗೆ ಯಾರದೋ ಜೊತೆ ಹೋಗಿ ಕಾಣೆಯಾದರೆ ನಮ್ಮ ಬಾಯಿಂದ ಮೊದಲು ಹೊರಡುವುದು ಈ ಮಾತು. ಪೂಜೆಯ ನಂತರ ಇಗರ್ಜಿಯ ಅಂಗಳದಲ್ಲಿಯೂ ನಾವು ಇದನ್ನು ಕೇಳಿದ್ದೇವೆ. ಈ ವಾಕ್ಯಕ್ಕೆ ಒಂದು ಉಪಯೋಗವಿದೆ: ಅದನ್ನು ಆಡಿದ ಮೇಲೆ ಹುಡುಕುವ ಕರ್ತವ್ಯ ನಮ್ಮ ಮೇಲಿರುವುದಿಲ್ಲ.

'ತಾನಾಗಿ' ಎಂಬುದರ ಅರ್ಥವೇನು? ಈ ಪ್ರಶ್ನೆಯನ್ನು ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಮೂರನೆಯ ಭಾಗದಲ್ಲಿ ಎತ್ತಿಕೊಳ್ಳುತ್ತಾನೆ. ಬಿರುಗಾಳಿಗೆ ಸಿಕ್ಕಿದ ಹಡಗಿನ ನಾವಿಕ, ಪ್ರಾಣ ಉಳಿಸಿಕೊಳ್ಳಲೆಂದು ಸರಕನ್ನು ಸಮುದ್ರಕ್ಕೆ ಎಸೆಯುತ್ತಾನೆ. ಎಸೆದದ್ದು ಅವನ ಕೈಯೇ. ಆದರೆ ಶಾಂತ ಸಮುದ್ರದಲ್ಲಿ ಯಾವ ನಾವಿಕನೂ ಸರಕನ್ನು ಎಸೆಯುವುದಿಲ್ಲ. ಇಂಥ ಕೃತ್ಯಗಳನ್ನು ಅವನು ಮಿಶ್ರ ಸ್ವರೂಪದವು ಎಂದು ಕರೆಯುತ್ತಾನೆ. ತಂದೆಯ ಕುಡಿತ, ಅಣ್ಣನ ಸಾಲ, ಮುರಿದುಬಿದ್ದ ವಿವಾಹ ಸಂಬಂಧ, ಓದು ನಿಂತುಹೋದ ತಂಗಿ ಇವುಗಳ ಬಿರುಗಾಳಿಯಲ್ಲಿ ಹತ್ತೊಂಬತ್ತು ವರ್ಷದ ಹುಡುಗಿ ದಲ್ಲಾಳಿಯೊಬ್ಬನ ಮಾತಿಗೆ ತಲೆಯಾಡಿಸಿದರೆ ಅದು ಯಾವ ಬಗೆಯ ಒಪ್ಪಿಗೆ? ಅದರಲ್ಲಿಯೂ ಅವಳು ಒಪ್ಪಿದ್ದು ಮನೆಗೆಲಸಕ್ಕೆ, ಬ್ಯೂಟಿಪಾರ್ಲರಿನ ಕೆಲಸಕ್ಕೆ, ಮದುವೆಗೆ. ಮುಂದೆ ನಡೆದದ್ದಕ್ಕೆ ಅವಳು ಒಪ್ಪಿರಲೇ ಇಲ್ಲ.

ಕಾನೂನು ಈ ವಿಷಯದಲ್ಲಿ ನಮ್ಮ ಅಂಗಳದ ಮಾತಿಗಿಂತ ಬಹಳ ಮುಂದೆ ಇದೆ. ಮಾನವ ಸಾಗಾಟವನ್ನು ನಿಷೇಧಿಸುವ ಸಂವಿಧಾನದ 23ನೆಯ ಅನುಚ್ಛೇದ ಮೊದಲಿನಿಂದಲೂ ಇದೆ. 2000ದಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಪ್ಪಂದವು ಬೆದರಿಕೆ, ಮೋಸ, ಅಸಹಾಯಕ ಸ್ಥಿತಿಯ ದುರುಪಯೋಗ ನಡೆದಿದ್ದರೆ ಬಲಿಪಶುವಿನ ಒಪ್ಪಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದೆಂದು ಹೇಳುತ್ತದೆ. ಭಾರತ ಅದನ್ನು 2011ರಲ್ಲಿ ಅನುಮೋದಿಸಿತು. 2013ರಲ್ಲಿ ನಮ್ಮ ದಂಡ ಸಂಹಿತೆಗೆ ತಿದ್ದುಪಡಿಯಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 143ನೆಯ ಪ್ರಕರಣದಲ್ಲಿಯೂ ಅದೇ ವಿಧಿ ಮುಂದುವರಿದಿದೆ: ಸಾಗಾಟದ ಅಪರಾಧವನ್ನು ನಿರ್ಧರಿಸುವಲ್ಲಿ ಬಲಿಪಶುವಿನ ಒಪ್ಪಿಗೆ ಅಪ್ರಸ್ತುತ. ಅಪರಾಧಕ್ಕೆ ಕನಿಷ್ಠ ಏಳು ವರ್ಷ ಸೆರೆ. ಬಲಿಯಾದವರು ಹದಿನೆಂಟು ತುಂಬದವರಾದರೆ ಕನಿಷ್ಠ ಹತ್ತು ವರ್ಷ, ಜೀವಾವಧಿಯವರೆಗೂ ಹೋಗಬಹುದು. ಸೀಮೆಯ ಗಡಿ ದಾಟಲೇಬೇಕೆಂದಿಲ್ಲ. ಒಂದೇ ಜಿಲ್ಲೆಯೊಳಗೆ ಒಂದು ಊರಿನಿಂದ ಇನ್ನೊಂದು ಊರಿಗೆ ಒಯ್ದರೂ ಅದು ಸಾಗಾಟವೇ.

ಒಯ್ಯುವವನು ಯಾರು? ನಮ್ಮ ಕಲ್ಪನೆಯಲ್ಲಿ ಅವನು ರೈಲುನಿಲ್ದಾಣದಲ್ಲಿ ನಿಂತ ಅಪರಿಚಿತ. ವಾಸ್ತವದಲ್ಲಿ ಅವನು ಅಥವಾ ಅವಳು ಬಹುತೇಕ ಮನೆಗೆ ಬಂದು ಚಹಾ ಕುಡಿದು ಹೋದವರು. ದೂರದ ಸಂಬಂಧಿ, ಹಿಂದೆ ಅದೇ ಊರಿನಿಂದ ಹೋಗಿ ಚಿನ್ನ ಹಾಕಿಕೊಂಡು ಬಂದ ಹೆಂಗಸು, ಇತ್ತೀಚೆಗೆ ಮೊಬೈಲ್ ಫೋನಿನ ಪರಿಚಯದ ತರುಣ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಆದ್ದರಿಂದ 'ಅಪರಿಚಿತರನ್ನು ನಂಬಬೇಡ' ಎಂದು ಮಕ್ಕಳಿಗೆ ಹೇಳಿಕೊಟ್ಟರೆ ಸಾಲದು. ಪರಿಚಿತರ ಮಾತನ್ನೂ ಪರಿಶೀಲಿಸುವ ಧೈರ್ಯ ಹಿರಿಯರಿಗೆ ಬರಬೇಕು.

ಈ ಪರಿಶೀಲನೆಗೆ ಧರ್ಮಸಭೆಯ ಬಳಿ ಎರಡು ಹಳೆಯ ಸಾಧನಗಳಿವೆ. ಅವುಗಳ ಬೆಲೆಯನ್ನು ನಾವು ಮರೆತಿದ್ದೇವೆ. ಒಂದು, ವಿವಾಹ ಪ್ರಕಟಣೆ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಇದನ್ನು ಸಮಸ್ತ ಧರ್ಮಸಭೆಗೆ ವಿಧಿಸಿತು. 1563ರಲ್ಲಿ ಟ್ರೆಂಟ್ ಮಹಾಸಭೆ ಗುಟ್ಟಿನ ವಿವಾಹಗಳನ್ನು ತಡೆಯಲೆಂದು ಇನ್ನಷ್ಟು ಬಿಗಿಗೊಳಿಸಿತು. ಪ್ರಕಟಣೆ ಓದುವಾಗ ಜನ ಆಕಳಿಸುತ್ತಾರೆ. ಆದರೆ ಅದರ ಉದ್ದೇಶ ಅತ್ಯಂತ ಲೌಕಿಕವಾದದ್ದು: ಈ ವರನನ್ನು ಬಲ್ಲವರು ಯಾರಾದರೂ ಇದ್ದೀರಾ? ಇವನಿಗೆ ಬೇರೆಡೆ ಹೆಂಡತಿ ಇದ್ದಾಳೆಯೇ? ವರದಕ್ಷಿಣೆ ಬೇಡ, ಮದುವೆಯ ಖರ್ಚೂ ನಮ್ಮದೇ, ಆದರೆ ಹತ್ತು ದಿನದೊಳಗೆ ಆಗಬೇಕು ಎಂದು ದೂರದ ರಾಜ್ಯದಿಂದ ಬಂದ ಸಂಬಂಧವನ್ನು ಬಡ ತಂದೆಯೊಬ್ಬ ದೇವರೇ ಕಳುಹಿಸಿದ್ದೆಂದು ತಿಳಿದು, ಪ್ರಕಟಣೆಯಿಂದ ವಿನಾಯಿತಿ ಕೋರಿ ಗುರುಗಳ ಬಳಿ ಓಡಿಬರುತ್ತಾನೆ. ಸುಳ್ಳು ಮದುವೆಯು ಸಾಗಾಟದ ಅತಿ ಹಳೆಯ ಉಪಾಯಗಳಲ್ಲಿ ಒಂದು. ಗುರುಗಳು ವಿನಾಯಿತಿ ಕೊಡದಿದ್ದರೆ ಬೈಗುಳ ತಪ್ಪದು. ವರನ ಧರ್ಮಕೇಂದ್ರಕ್ಕೆ ಬರೆದ ಪತ್ರಕ್ಕೆ ಉತ್ತರ ಬರುವವರೆಗೆ ಕಾಯುವುದು ಆ ಬೈಗುಳಕ್ಕಿಂತ ಹಗುರವೆಂದೇ ನಾವು ಎಣಿಸುತ್ತೇವೆ.

ಇನ್ನೊಂದು, ದೀಕ್ಷಾಸ್ನಾನದ ದಾಖಲೆ ಪುಸ್ತಕ. ವಯಸ್ಸನ್ನು ಎರಡು ವರ್ಷ ಹೆಚ್ಚಿಸಿ ಪ್ರಮಾಣಪತ್ರ ಕೊಡಬೇಕೆಂಬ ಕೋರಿಕೆ ಒಮ್ಮೊಮ್ಮೆ ಬರುತ್ತದೆ. ಕೇಳುವವರು ಹೆತ್ತವರೇ, ಹಿಂದೆ ನಿಂತು ಹೇಳಿಕೊಟ್ಟವನು ಏಜೆಂಟ್. ಹುಡುಗಿಗೆ ವಿದೇಶದಲ್ಲಿ ಕೆಲಸ ಕೊಡಿಸುವವನಿಗೆ ಆಕೆಯ ನಿಜವಾದ ವಯಸ್ಸು ತೊಡಕಾಗುತ್ತದೆಯೆಂದರೆ ಅದು ಯಾವ ಕೆಲಸ ಎಂದು ಕೇಳಬೇಡವೇ? ಎಸ್.ಎಸ್.ಎಲ್.ಸಿ. ಮುಗಿಸದವರಿಗೆ ದೊರೆಯುವ ಬಗೆಯ ಪಾಸ್‌ಪೋರ್ಟಿನಲ್ಲಿ ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಸ್ತ್ರೀಯರಿಗೆ ಮೂವತ್ತು ವರ್ಷ ತುಂಬಿರಬೇಕೆಂದು ಭಾರತ ಸರಕಾರ ನಿಯಮ ಮಾಡಿದೆ. ನೇಮಕಾತಿ ಏಜೆಂಟರು 1983ರ ವಲಸೆ ಕಾಯಿದೆಯಡಿ ನೋಂದಾಯಿತರಾಗಿರಬೇಕು. ಅವರು ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ, ಅಷ್ಟೇ. ಲಕ್ಷಗಟ್ಟಲೆ ಕೇಳುವವನು, ರಸೀದಿ ಕೊಡದವನು, "ಈಗ ವಿಸಿಟ್ ವೀಸಾದಲ್ಲಿ ಹೋಗಲಿ, ಅಲ್ಲಿ ಕೆಲಸದ ವೀಸಾ ಮಾಡಿಸೋಣ" ಎನ್ನುವವನು ಈ ರಕ್ಷಣೆಯನ್ನೆಲ್ಲ ಒಂದೇ ಏಟಿಗೆ ದಾಟಿಸಿಬಿಡುತ್ತಾನೆ. ಹೊರಟುನಿಂತ ಮಗಳ ಪಾಸ್‌ಪೋರ್ಟು, ವೀಸಾ, ಒಪ್ಪಂದ ಪತ್ರ, ಏಜೆಂಟನ ವಿಳಾಸ ಇವುಗಳ ಒಂದೊಂದು ಪ್ರತಿಯನ್ನು ಮನೆಯಲ್ಲಿ ಇರಿಸಿಕೊಳ್ಳಲು ಝೆರಾಕ್ಸ್ ಅಂಗಡಿಯಲ್ಲಿ ಹತ್ತು ರೂಪಾಯಿ ಖರ್ಚಾದೀತು.

ಇಷ್ಟೆಲ್ಲ ಎಚ್ಚರದ ನಂತರವೂ ಕೆಲವರು ಮಾರಲ್ಪಡುತ್ತಾರೆ. ಅವರಲ್ಲಿ ಕೆಲವರು ಮರಳಿ ಬರುತ್ತಾರೆ. ನಾವು ಹೆಚ್ಚು ಹೇಳಬೇಕೆಂದಿರುವುದು ಆ ಮರಳಿಕೆಯ ಕುರಿತು.

ಸಂತ ಮಾರ್ಕನ ಶುಭಸಂದೇಶದ ಐದನೆಯ ಅಧ್ಯಾಯದಲ್ಲಿ ಯಾಯಿರನ ಮಗಳ ಪ್ರಸಂಗವಿದೆ. ಆಕೆಗೆ ಹನ್ನೆರಡು ವರ್ಷ. ಸತ್ತಳೆಂದು ಮನೆಮುಂದೆ ಜನ ಸೇರಿ ಗೋಳಾಡುತ್ತಿದ್ದಾರೆ. ಪ್ರಭು ಯೇಸು ಅರಮಾಯಿಕ್ ಭಾಷೆಯಲ್ಲಿ 'ತಲಿಥಾ ಕೂಮ್' ಎಂದು ಕರೆದು ಆಕೆಯನ್ನು ಎಬ್ಬಿಸುತ್ತಾರೆ. ಮಗು, ಏಳು ಎಂದು ಅದರ ಭಾವ. ಸಾಗಾಟದ ವಿರುದ್ಧ ದುಡಿಯುವ ಧರ್ಮಭಗಿನಿಯರ ಜಾಗತಿಕ ಜಾಲವೊಂದು 2009ರಲ್ಲಿ ರೋಮಿನಲ್ಲಿ ರೂಪುಗೊಂಡಾಗ ಇದೇ ಎರಡು ಪದಗಳನ್ನು ತನ್ನ ಹೆಸರಾಗಿ ಆಯ್ದುಕೊಂಡಿತು. ಪ್ರವಚನಗಳಲ್ಲಿ ನಾವು ಸಾಮಾನ್ಯವಾಗಿ ಪವಾಡದವರೆಗೆ ಬಂದು ನಿಲ್ಲುತ್ತೇವೆ. ಆದರೆ ಪವಾಡದ ಮುನ್ನ ಮತ್ತು ನಂತರ ಪ್ರಭು ಮಾಡಿದ ಮೂರು ಸಣ್ಣ ಕೆಲಸಗಳು ಬಿಡುಗಡೆ ಹೊಂದಿದ ಹುಡುಗಿಯನ್ನು ಬರಮಾಡಿಕೊಳ್ಳುವವರಿಗೆ ಪಾಠಪುಸ್ತಕದಂತಿವೆ.

ಮೊದಲಿಗೆ ಅವರು ಗುಂಪನ್ನು ಹೊರಗೆ ಕಳುಹಿಸಿದರು. ಒಳಗೆ ಉಳಿದವರು ತಂದೆ, ತಾಯಿ ಮತ್ತು ಮೂವರು ಶಿಷ್ಯರು. ನಮ್ಮಲ್ಲಿ ಹುಡುಗಿ ಮರಳಿದಳೆಂದರೆ ನಡೆಯುವುದು ತದ್ವಿರುದ್ಧ. ಅಳಲಿಕ್ಕೂ ನೋಡಲಿಕ್ಕೂ ಇಡೀ ವಾಡೆಯೇ ಸೇರುತ್ತದೆ. ಸಾಂತ್ವನ ಹೇಳಲು ಬಂದವರ ಕಣ್ಣು ಅವಳ ಉಡುಪಿನ ಮೇಲೆ, ಉಗುರಿನ ಬಣ್ಣದ ಮೇಲೆ ಇರುತ್ತದೆ. ಪ್ರಾರ್ಥನಾ ತಂಡದವರು ಕೂಡ ಮೊದಲ ವಾರಗಳಲ್ಲಿ ಮನೆಯಲ್ಲಿಯೇ ಕುಳಿತು ಪ್ರಾರ್ಥಿಸಿದರೆ ದೇವರಿಗೆ ಕೇಳಿಸುತ್ತದೆ.

ಎರಡನೆಯದಾಗಿ, ಇದನ್ನು ಯಾರಿಗೂ ತಿಳಿಸಬಾರದೆಂದು ಅವರು ಕಟ್ಟಪ್ಪಣೆ ಮಾಡಿದರು. ಪಂಡಿತರು ಇದಕ್ಕೆ ದೈವಶಾಸ್ತ್ರದ ಗಹನ ಅರ್ಥಗಳನ್ನು ಕೊಡುತ್ತಾರೆ, ಅವು ಸರಿಯೇ. ಆದರೆ ಹನ್ನೆರಡು ವರ್ಷದ ಹುಡುಗಿಯೊಬ್ಬಳು ನಾಳೆಯಿಂದ ಬಾವಿಗೆ ನೀರಿಗೆ ಹೋಗಬೇಕು, ಊರಿನಲ್ಲಿ ಬಾಳಬೇಕು ಎಂಬುದು ಪ್ರಭುವಿನ ಮನಸ್ಸಿನಲ್ಲಿ ಇರಲಿಲ್ಲವೆಂದು ಹೇಳಲು ನಮಗೆ ಕಾರಣ ಕಾಣದು. ಲೈಂಗಿಕ ಅಪರಾಧಕ್ಕೆ ಒಳಗಾದವರ ಗುರುತನ್ನು ಪ್ರಕಟಿಸುವುದು ನಮ್ಮ ದೇಶದಲ್ಲಿ ಶಿಕ್ಷಾರ್ಹ. ಹೆಸರು ಬರೆಯದೆ ಊರು, ಮನೆತನ, ಶಾಲೆ ಎಲ್ಲವನ್ನೂ ಬರೆದರೂ ಗುರುತು ಪ್ರಕಟವಾದಂತೆಯೇ. ವಾಟ್ಸಪ್ ಗುಂಪಿನಲ್ಲಿ 'ಈ ಸಹೋದರಿಗಾಗಿ ಪ್ರಾರ್ಥಿಸಿ' ಎಂದು ಭಾವಚಿತ್ರ ಹಾಕುವವರು ಭಕ್ತಿಯಿಂದಲೇ ಹಾಕುತ್ತಾರೆ. ಹುಡುಗಿಗೆ ಆಗುವ ಹಾನಿ ಮಾತ್ರ ಭಕ್ತಿಯಿಂದ ಕಡಿಮೆಯಾಗುವುದಿಲ್ಲ. ಒಂದು ಭೇದವನ್ನು ಇಲ್ಲಿ ಮನಸ್ಸಿನಲ್ಲಿ ಇಡಬೇಕು. ಊರಿಗೆ ಗುಟ್ಟು ಎಂದರೆ ಪೊಲೀಸರಿಗೂ ಗುಟ್ಟು ಎಂದಲ್ಲ. ಬಲಿಯಾದವರು ಹದಿನೆಂಟು ವರ್ಷದೊಳಗಿನವರಾದರೆ 2012ರ ಪೋಕ್ಸೋ ಕಾಯಿದೆಯ ಪ್ರಕಾರ ವಿಷಯ ತಿಳಿದವರೆಲ್ಲರೂ ದೂರು ಕೊಡಲೇಬೇಕು. ಮಾನ ಉಳಿಸಿಕೊಳ್ಳುವ ಹೆಸರಿನಲ್ಲಿ ಮನೆಯವರು ಮುಚ್ಚಿಟ್ಟ ಪ್ರಕರಣದಲ್ಲಿ ಉಳಿಯುವುದು ದಲ್ಲಾಳಿಯ ಮಾನ. ಅವನು ಮುಂದಿನ ಮನೆಗೆ ಹೋಗುತ್ತಾನೆ.

ಮೂರನೆಯದಾಗಿ, ಆಕೆಗೆ ತಿನ್ನಲು ಏನಾದರೂ ಕೊಡಿ ಎಂದರು. ಸಾವಿನಿಂದ ಎದ್ದವಳಿಗೆ ಉಪದೇಶ ಮಾಡಲಿಲ್ಲ, ಪ್ರಶ್ನೆ ಕೇಳಲಿಲ್ಲ. ಊಟ. ಮನೆಯ ಬಟ್ಟಲಲ್ಲಿ, ಎಲ್ಲರ ಜೊತೆಯಲ್ಲಿ. ತಟ್ಟೆ ಬೇರೆ ಮಾಡಿದ ಮನೆಗಳಿವೆ. ರೋಗದ ಭಯವೆಂದು ಹೇಳುತ್ತಾರೆ. ಎಚ್.ಐ.ವಿ. ತಟ್ಟೆಯಿಂದ ಹರಡುವುದಿಲ್ಲವೆಂಬುದು ಈಗ ಶಾಲೆಯ ಮಕ್ಕಳಿಗೂ ತಿಳಿದಿದೆ. ಭಯ ರೋಗದ್ದಲ್ಲ.

ಮನೆಗೆ ಹೋಗಲಾಗದವರಿಗೆ ಆಶ್ರಯಧಾಮಗಳು ಬೇಕು. ಇದರಲ್ಲಿ ಧರ್ಮಸಭೆಗೆ ದೀರ್ಘ ಪರಂಪರೆಯಿದೆ. 1641ರಲ್ಲಿ ಫ್ರಾನ್ಸಿನ ಕಾನ್ ನಗರದಲ್ಲಿ ಸಂತ ಜಾನ್ ಯೂಡ್ಸ್ ಇಂಥ ಸ್ತ್ರೀಯರಿಗಾಗಿ ಆಶ್ರಯ ತೆರೆದರು. ಅದೇ ಬೇರಿನಿಂದ ಸಂತ ಮೇರಿ ಯೂಫ್ರೇಸಿಯಾ ಅವರು 1835ರಲ್ಲಿ ಸ್ಥಾಪಿಸಿದ ಗುಡ್ ಶೆಫರ್ಡ್ ಸಭೆಯ ಭಗಿನಿಯರು 1854ರಲ್ಲಿಯೇ ಬೆಂಗಳೂರಿಗೆ ಬಂದರು. ಅವರ ಶಾಲೆಗಳನ್ನು ನಮ್ಮ ಜನ ಬಲ್ಲರು. ಸಭೆಯ ಮೂಲೋದ್ದೇಶ ಮಾತ್ರ ಹಲವರಿಗೆ ಗೊತ್ತಿಲ್ಲ. ಈ ಪರಂಪರೆಯ ಇನ್ನೊಂದು ಮುಖವನ್ನು ಮರೆಮಾಚುವುದು ಸರಿಯಾಗದು. ಐರ್ಲೆಂಡಿನಲ್ಲಿ ಕನ್ಯಾಮಠಗಳು ನಡೆಸುತ್ತಿದ್ದ 'ಮ್ಯಾಗ್ಡಲೀನ್' ಅಗಸಗೃಹಗಳಲ್ಲಿ 1922ರಿಂದ 1996ರವರೆಗೆ ಸುಮಾರು ಹತ್ತು ಸಾವಿರ ಸ್ತ್ರೀಯರನ್ನು ಇರಿಸಿ ಸಂಬಳವಿಲ್ಲದೆ ಬಟ್ಟೆ ಒಗೆಸಲಾಯಿತೆಂದು ಅಲ್ಲಿನ ಸರಕಾರಿ ವರದಿಯೇ 2013ರಲ್ಲಿ ಹೇಳಿತು. ಪ್ರಧಾನಿ ಕ್ಷಮೆ ಕೇಳಿದರು. ಆಶ್ರಯಕ್ಕೆಂದು ಕಟ್ಟಿದ ಮನೆಯ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಾಗ ಅದು ಹೆಸರಿಗೆ ಮಾತ್ರ ಆಶ್ರಯ. ನಮ್ಮ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಇದು ಬಂದಿತ್ತು. ರಕ್ಷಣಾಗೃಹಗಳಲ್ಲಿ ಇಚ್ಛೆಗೆ ವಿರುದ್ಧವಾಗಿ ಇರಿಸಲಾದ ವಯಸ್ಕ ಸ್ತ್ರೀಯರ ಪ್ರಕರಣಗಳನ್ನು ಪರಿಶೀಲಿಸಿ ಬಿಡುಗಡೆಗೆ ಕ್ರಮ ಕೈಗೊಳ್ಳುವಂತೆ 2022ರ ಮೇ 19ರಂದು ಅದು ಸೂಚಿಸಿತು. ವೆನಿಸಿನ ಅಧಿಕಾರಿಗಳು ಬಖಿತಾಳ ಇಚ್ಛೆಯನ್ನು ಕೇಳಿದಂತೆ ಇವರ ಇಚ್ಛೆಯನ್ನೂ ಕೇಳಬೇಕಾಗಿದೆ. ನಮ್ಮ ರಾಜ್ಯದಲ್ಲಿ ಮೈಸೂರಿನ 'ಒಡನಾಡಿ' ಸಂಸ್ಥೆ ಮೂರು ದಶಕಗಳಿಗೂ ಹೆಚ್ಚು ಕಾಲದಿಂದ ಈ ಕೆಲಸದಲ್ಲಿ ತೊಡಗಿದೆ. ಅದು ಕ್ರೈಸ್ತ ಸಂಸ್ಥೆಯಲ್ಲ ಎಂಬ ಕಾರಣಕ್ಕೆ ನಮ್ಮವರು ಅದರಿಂದ ಕಲಿಯಲು ಹಿಂಜರಿಯಬೇಕಿಲ್ಲ.

ಪುರುಷರ ವಿಷಯದಲ್ಲಿ ಒಂದು ಮಾತು. ಕೊಳ್ಳುವವರಿಲ್ಲದೆ ಸಂತೆ ನೆರೆಯದು. 2018ರ ಮಾರ್ಚಿನಲ್ಲಿ ರೋಮಿನಲ್ಲಿ ನಡೆದ ಯುವಜನರ ಸಭೆಯಲ್ಲಿ, ಹಿಂದೆ ಸಾಗಾಟಕ್ಕೆ ಒಳಗಾಗಿದ್ದ ನೈಜೀರಿಯದ ಯುವತಿಯೊಬ್ಬಳು ದಿವಂಗತ ಪೋಪ್ ಫ್ರಾನ್ಸಿಸ್ ಅವರನ್ನು ಗಿರಾಕಿಗಳಲ್ಲಿ ಕಥೋಲಿಕರೇ ಇರುವ ಬಗ್ಗೆ ನೇರವಾಗಿ ಪ್ರಶ್ನಿಸಿದಳು. ಜಗದ್ಗುರುಗಳು ವಾದಿಸಲಿಲ್ಲ, ಅಂಥ ಕಥೋಲಿಕರ ಪರವಾಗಿ ಅಲ್ಲಿಯೇ ಕ್ಷಮೆ ಯಾಚಿಸಿದರು. ನಮ್ಮ ತಪಸ್ಸುಕಾಲದ ಧ್ಯಾನಕೂಟಗಳಲ್ಲಿ ಮದ್ಯಪಾನದ ಕುರಿತು ಗಂಟೆಗಟ್ಟಲೆ ಮಾತನಾಡುವ ನಾವು ಈ ಪಾಪವನ್ನು 'ಅಶುದ್ಧತೆ' ಎಂಬ ಒಂದು ಪದದಲ್ಲಿ ದಾಟಿಬಿಡುತ್ತೇವೆ. ಅದು ಅಶುದ್ಧತೆಯಷ್ಟೇ ಅಲ್ಲ, ಅನ್ಯಾಯ. ಆ ಕೋಣೆಯಲ್ಲಿ ಇರುವವಳು ಯಾರದೋ ಲೆಕ್ಕದ ಪುಸ್ತಕದಲ್ಲಿ ಸಾಲವಾಗಿ ಬರೆಯಲ್ಪಟ್ಟವಳಾಗಿರಬಹುದು. ಹಣ ಕೊಟ್ಟವನು ಆ ಸಾಲದ ಬಡ್ಡಿ ತಿನ್ನುವವರ ಜೊತೆಗಾರ.

ಸಹಾಯ ಮಾಡಬಯಸುವ ಸಂಘಗಳಿಗೆ ನಮ್ಮದೊಂದು ವಿನಂತಿ. ಮರಳಿ ಬಂದ ಹುಡುಗಿಗೆ ಹೊಲಿಗೆ ಯಂತ್ರ ಕೊಡುವುದು ನಮ್ಮಲ್ಲಿ ವಾಡಿಕೆಯಾಗಿಬಿಟ್ಟಿದೆ. ಯಂತ್ರ ಒಳ್ಳೆಯದೇ, ಆದರೆ ಎಲ್ಲರಿಗೂ ಹೊಲಿಗೆ ಬರುವುದಿಲ್ಲ, ಎಲ್ಲ ಊರಿಗೂ ಇನ್ನೊಬ್ಬ ದರ್ಜಿ ಬೇಕಿಲ್ಲ. ಕೆಲವರಿಗೆ ನಿಂತುಹೋದ ಓದು ಬೇಕಾಗಿರುತ್ತದೆ, ಕೆಲವರಿಗೆ ವೈದ್ಯರು, ಕೆಲವರಿಗೆ ನ್ಯಾಯಾಲಯಕ್ಕೆ ಜೊತೆಯಲ್ಲಿ ಬರುವ ಒಬ್ಬ ಅಕ್ಕ. ಮೊಕದ್ದಮೆ ವರ್ಷಗಟ್ಟಲೆ ನಡೆಯುತ್ತದೆ. ಸಾಕ್ಷಿ ಹೇಳುವ ದಿನ ಬಂದಾಗ ದಲ್ಲಾಳಿಯ ಕಡೆಯವರು ಹತ್ತು ಜನ ಬಂದಿರುತ್ತಾರೆ, ಹುಡುಗಿಯ ಕಡೆ ತಾಯಿಯೊಬ್ಬಳು. ಸಂತ ವಿನ್ಸೆಂಟ್ ದಿ ಪಾಲ್ ಸಭೆಯ ಇಬ್ಬರು ಸದಸ್ಯರು ಅಂದು ಬಸ್ಸು ಹತ್ತಿ ಅವಳ ಪಕ್ಕದಲ್ಲಿ ಕುಳಿತರೆ ಯಂತ್ರಕ್ಕಿಂತ ಹೆಚ್ಚಿನ ಉಪಕಾರವಾದೀತು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಉಚಿತವಾಗಿ ವಕೀಲರು ದೊರೆಯುತ್ತಾರೆ. ಸಾಗಾಟಕ್ಕೆ ಒಳಗಾದವರಿಗಾಗಿಯೇ 2015ರಲ್ಲಿ ರಾಷ್ಟ್ರೀಯ ಪ್ರಾಧಿಕಾರ ಒಂದು ಯೋಜನೆ ರೂಪಿಸಿದೆ. ಪರಿಹಾರಧನಕ್ಕೂ ಅಲ್ಲಿಯೇ ಅರ್ಜಿ ಕೊಡಬೇಕು.

ತುರ್ತಿಗೆ 112, ಮಕ್ಕಳ ವಿಷಯಕ್ಕೆ 1098, ಸ್ತ್ರೀಯರಿಗೆ 181. ಈ ಮೂರು ಸಂಖ್ಯೆಗಳಿಗೆ ಹಗಲೂ ರಾತ್ರಿಯೂ ಕರೆಮಾಡಬಹುದು, ಹಣ ಬೇಕಿಲ್ಲ. ವಿವಾಹ ಪ್ರಕಟಣೆಗಳನ್ನು ತೂಗುಹಾಕುವ ಇಗರ್ಜಿಯ ಸೂಚನಾಫಲಕದಲ್ಲಿ ಅವುಗಳ ಪಕ್ಕದಲ್ಲಿಯೇ ಈ ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆಸಬೇಕೆಂದು ಪಾಲನಾ ಸಮಿತಿಗಳನ್ನು ಕೋರುತ್ತೇವೆ. ಫಲಕ ಗಂಡಸರು ನಿಲ್ಲುವ ಬಾಗಿಲ ಬಳಿ ಇದ್ದರೆ, ಇನ್ನೊಂದು ಪ್ರತಿಯನ್ನು ಹೆಣ್ಣುಮಕ್ಕಳು ಕುಳಿತುಕೊಳ್ಳುವ ಕಡೆಯೂ ಅಂಟಿಸಿರಿ.